ಬೈರೂತ್ ಕಾಲೇಜಿನ ಹಳೇ ಅರಬ್ಬಿ ವಿದ್ಯಾರ್ಥಿ ಪತ್ರಿಕೆಗಳನ್ನು ಓದುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಅರಬ್ಬಿ ಅಕ್ಷರ ಓದಲು ಬರುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಭಟ್ಕಳ, ಮಂಗಳೂರು, ಬೀದರ್, ಕಲಬುರಗಿ ಕಡೆ ಮದ್ರಸದಲ್ಲಿ ಕಲಿತವರಿದ್ದಾರೆ, ಕಾಲೇಜಿನಲ್ಲಿ ಅರಬ್ಬಿನೋ ಉರ್ದುನೋ ತಗೊಂಡವರಿದ್ದಾರೆ, ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಬಂದವರಿದ್ದಾರೆ. ಆದರೆ ಆ ಓದನ್ನು ಇತಿಹಾಸದ ಕೆಲಸಕ್ಕೆ ಹಚ್ಚುವವರು ತೀರಾ ಕಡಿಮೆ. ಈ ಮಾರ್ಗದರ್ಶಿ ಮುಖ್ಯವಾಗಿ ಅವರಿಗೆ. ಅರಬ್ಬಿ ಗೊತ್ತಿಲ್ಲದ ಇತಿಹಾಸ ವಿದ್ಯಾರ್ಥಿಗಳಿಗೂ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತದೆ.

ನಾನು ಆರಿಸಿಕೊಂಡಿರೋದು ಒಂದೇ ಕಾಲೇಜು. ಇವತ್ತಿನ ಲೆಬನಾನ್‌ನ ರಾಜಧಾನಿ ಬೈರೂತಿನಲ್ಲಿ ಅಮೆರಿಕದ ಕ್ರೈಸ್ತ ಮಿಷನರಿಗಳು ಕಟ್ಟಿದ ಸಿರಿಯನ್ ಪ್ರಾಟೆಸ್ಟೆಂಟ್ ಕಾಲೇಜು, ಅಂದರೆ ಇವತ್ತಿನ ಅಮೆರಿಕನ್ ಯೂನಿವರ್ಸಿಟಿ ಆಫ್ ಬೈರೂತ್. ಯಾಕೆ ಇದೇ ಅಂದರೆ, ಇಲ್ಲಿ ಶುರುವಿನಲ್ಲಿ ಪಾಠ ನಡೆಯುತ್ತಿದ್ದುದು ಅರಬ್ಬಿಯಲ್ಲಿ. 1880ರ ಆಸುಪಾಸಿನಲ್ಲಿ ಇಂಗ್ಲಿಷ್ ಮಾಧ್ಯಮ ಬಂತು, ಮೆಡಿಕಲ್ ವಿಭಾಗದಲ್ಲಿ ಅರಬ್ಬಿ ಇನ್ನೂ ಕೆಲವು ವರ್ಷ ಉಳಿದು ಅದೂ ಹೋಯಿತು. ಹಾಗಿದ್ದರೂ 1900ರ ಹೊತ್ತಿಗೆ ಅಲ್ಲಿನ ಹುಡುಗರು ಕೈಯಲ್ಲೇ ಬರೆದು ಪತ್ರಿಕೆ ಹೊರಡಿಸುತ್ತಿದ್ದರು. ಕೆಲವು ಇಂಗ್ಲಿಷಿನಲ್ಲಿ, ಕೆಲವು ಅರಬ್ಬಿಯಲ್ಲಿ. ತರಗತಿಯಲ್ಲಿ ಇಂಗ್ಲಿಷ್ ಕೇಳಿ, ಪರೀಕ್ಷೆ ಇಂಗ್ಲಿಷಿನಲ್ಲಿ ಬರೆದು, ಸಂಜೆ ಕೂತು ಅರಬ್ಬಿಯಲ್ಲಿ ಲೇಖನ ಬರೆಯೋದು ಅಂದರೆ ಅದು ಅಭ್ಯಾಸ ಬಲದಿಂದ ಆಗುವ ಕೆಲಸ ಅಲ್ಲ, ಬೇಕು ಅಂತ ಮಾಡಿದ್ದು. ಇದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಇಂಗ್ಲಿಷಿನಲ್ಲೇ ಇತ್ತು, ಅಲ್ಲಿನ ಕರ್ನಾಟಕ ಸಂಘದಿಂದಲೇ 1919ರಲ್ಲಿ ಪ್ರಬುದ್ಧ ಕರ್ಣಾಟಕ ಹೊರಟಿತು. ಹಾಗಾಗಿ ಈ ಪತ್ರಿಕೆಗಳನ್ನು ಹುಡುಗಾಟದ ಬರಹ ಅಂತ ಬದಿಗಿಡಬೇಡಿ. ಹಾಗೆ ಬದಿಗಿಟ್ಟೇ ಎಷ್ಟೋ ಕಡೆ ಇಂಥವು ಕಳೆದುಹೋಗಿವೆ.

ಹಂತ 1: ಮೊದಲು ಕಾಲೇಜಿನ ಕಾಲಾನುಕ್ರಮ ಬರೆದುಕೊಳ್ಳಿ

ಪತ್ರಿಕೆ ಕೈಗೆ ತಗೊಳ್ಳೋ ಮುಂಚೆ ಒಂದು ಹಾಳೆ ತಗೊಳ್ಳಿ. ಕಾಲೇಜು 1863ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾಯಿತು. 1866ರ ಡಿಸೆಂಬರ್ 3ರಂದು 16 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಮೊದಲ ಅಧ್ಯಕ್ಷ ಡೇನಿಯಲ್ ಬ್ಲಿಸ್, 1902ರಿಂದ ಅವರ ಮಗ ಹೋವರ್ಡ್ ಬ್ಲಿಸ್. 1920ರಲ್ಲಿ ಹೆಸರು ಬದಲಾಗಿ ಅಮೆರಿಕನ್ ಯೂನಿವರ್ಸಿಟಿ ಆಯಿತು. ಇಷ್ಟು ಬೆನ್ನೆಲುಬು.

ಇದರ ಪಕ್ಕದಲ್ಲಿ ಗಲಾಟೆಗಳನ್ನು ಬರೆಯಿರಿ, ಯಾಕೆಂದರೆ ಪತ್ರಿಕೆಗಳಲ್ಲಿ ಯಾವುದು ಬರೆದಿದೆ, ಯಾವುದನ್ನು ನುಂಗಿಕೊಂಡಿದ್ದಾರೆ ಅನ್ನೋದು ಇವುಗಳಿಂದಲೇ ತಿಳಿಯೋದು. 1882ರಲ್ಲಿ ಪ್ರೊಫೆಸರ್ ಎಡ್ವಿನ್ ಲೂಯಿಸ್ ಪದವಿ ಪ್ರದಾನ ಸಮಾರಂಭದ ಭಾಷಣದಲ್ಲಿ ಡಾರ್ವಿನ್ ಹೆಸರು ಎತ್ತಿದರು. ಆಡಳಿತದವರು ಸಿಟ್ಟಾದರು, ಲೂಯಿಸ್ ಕೆಲಸ ಬಿಡಬೇಕಾಯಿತು, ಮೆಡಿಕಲ್ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಆ ಮುಷ್ಕರದಲ್ಲಿದ್ದ ಹುಡುಗ ಜುರ್ಜಿ ಝೈದಾನ್ ಆಮೇಲೆ ಕೈರೋಗೆ ಹೋಗಿ 1892ರಲ್ಲಿ ಅಲ್-ಹಿಲಾಲ್ ಪತ್ರಿಕೆ ಶುರು ಮಾಡಿದರು. ಲೂಯಿಸ್ ಭಾಷಣವನ್ನು ಅಚ್ಚು ಹಾಕಿದ್ದು ಅಲ್-ಮುಕ್ತತಫ್. ಅದನ್ನು 1876ರಲ್ಲಿ ಹುಟ್ಟುಹಾಕಿದ ಯಾಕೂಬ್ ಸರ್ರೂಫ್ ಮತ್ತು ಫಾರಿಸ್ ನಿಮ್ರ್ ಇದೇ ಕಾಲೇಜಿನಲ್ಲಿ ಓದಿ ಅಲ್ಲೇ ಪಾಠ ಹೇಳುತ್ತಿದ್ದವರು. ಅವರಿಗೂ 1884ರಲ್ಲಿ ಕಾಲೇಜು ಬಾಗಿಲು ಮುಚ್ಚಿತು, ಪತ್ರಿಕೆ ಸಮೇತ ಕೈರೋಗೆ ಹೋದರು. ಇನ್ನೊಂದು ದೊಡ್ಡ ಗಲಾಟೆ 1909ರದ್ದು. ಚಾಪೆಲ್, ಅಂದರೆ ಕಾಲೇಜಿನ ಒಳಗಿನ ಚರ್ಚಿನ ಪ್ರಾರ್ಥನೆಗೆ ಎಲ್ಲರೂ ಬರಲೇಬೇಕು ಅನ್ನುವ ನಿಯಮದ ವಿರುದ್ಧ ಮುಸ್ಲಿಂ ಹಾಗೂ ಯಹೂದಿ ವಿದ್ಯಾರ್ಥಿಗಳು ನಿಂತರು.

ಮೂರನೇ ಸಾಲು ಆಗ ಬೈರೂತನ್ನು ಆಳುತ್ತಿದ್ದ ಒಟ್ಟೋಮನ್ (ತುರ್ಕಿ) ಸರ್ಕಾರದ್ದು. ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಕಾಲದಲ್ಲಿ, ಅಂದರೆ 1876ರಿಂದ 1909ರವರೆಗೆ, ಅಚ್ಚಿನ ಪತ್ರಿಕೆಗೆ ಪರವಾನಗಿ ಬೇಕಿತ್ತು, ಸೆನ್ಸಾರ್ ಕಾಟ ಜೋರಾಗಿತ್ತು. 1908ರ ಜುಲೈನಲ್ಲಿ ಸಂವಿಧಾನ ಮತ್ತೆ ಜಾರಿಯಾದ ಮೇಲೆ ಊರೂರಲ್ಲಿ ಪತ್ರಿಕೆಗಳು ಹುಟ್ಟಿದವು. ಮೊದಲ ಮಹಾಯುದ್ಧದಲ್ಲಿ ಬರಗಾಲ ಬಂತು, ಕಾಗದಕ್ಕೂ ಬರ. ಕಾಲೇಜು ಮಾತ್ರ ಮುಚ್ಚಲಿಲ್ಲ.

ಹಂತ 2: ಏನೇನು ಉಳಿದಿದೆ ಅಂತ ಪತ್ತೆ ಮಾಡಿ

ಮೊದಲ ಜಾಗ ಆ ವಿಶ್ವವಿದ್ಯಾಲಯದ್ದೇ ಜಾಫೆಟ್ ಗ್ರಂಥಾಲಯ, ಅಲ್ಲಿನ ಆರ್ಕೈವ್, ಅಂದರೆ ಹಳೇ ದಾಖಲೆಗಳ ವಿಭಾಗ. ಅದರ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಹುಡುಕಿ. ಅರಬ್ಬಿ ಹೆಸರುಗಳನ್ನು ಒಂದೇ ಕಾಗುಣಿತದಲ್ಲಿ ಹುಡುಕಿದರೆ ಸಾಲದು. ರೋಮನ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, "ಅಲ್" ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ, ಕೊನೆಗೆ ಅರಬ್ಬಿ ಲಿಪಿಯಲ್ಲೇ ಟೈಪ್ ಮಾಡಿ.

ಅಚ್ಚಿನ ಪತ್ರಿಕೆಗಳಿಗೆ ಬೇರೆ ದಾರಿಗಳಿವೆ. ಫಿಲಿಪ್ ದಿ ತರ್ರಾಝಿ ಬರೆದ ಅರಬ್ಬಿ ಪತ್ರಿಕೋದ್ಯಮದ ಇತಿಹಾಸ ಹಳೆಯದಾದರೂ ಇವತ್ತಿಗೂ ಎಲ್ಲರೂ ಮೊದಲು ತೆರೆಯೋ ಪುಸ್ತಕ. ಆನ್‌ಲೈನಲ್ಲಿ ಜರಾಇದ್ ಅನ್ನೋ ಯೋಜನೆಯವರು 1800ರಿಂದ 1929ರವರೆಗಿನ ಅರಬ್ಬಿ ಪತ್ರಿಕೆಗಳ ಕಾಲಾನುಕ್ರಮ ಪಟ್ಟಿ ಮಾಡಿಟ್ಟಿದ್ದಾರೆ. ಕೈಬರಹದ ಕಾಲೇಜು ಪತ್ರಿಕೆ ಇಂಥ ಪಟ್ಟಿಯಲ್ಲಿ ಸಿಗದಿದ್ದರೆ ಅದು ಇರಲೇ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಒಂದೋ ಎರಡೋ ಪ್ರತಿ ಇದ್ದ ಪತ್ರಿಕೆ ಕಾಲೇಜಿನ ಗೋಡೆ ದಾಟಿ ಪಟ್ಟಿ ಮಾಡುವವರ ಕಣ್ಣಿಗೆ ಬೀಳೋದು ಕಷ್ಟ.

ಇಲ್ಲಿ ಎರಡು ಹೆಸರುಗಳ ಬಗ್ಗೆ ಎಚ್ಚರ. ಅಲ್-ಕುಲ್ಲಿಯ್ಯ ಅನ್ನೋ ಪತ್ರಿಕೆ 1910ರಲ್ಲಿ ಈ ಕಾಲೇಜಿನಿಂದ ಹೊರಟಿತು, ಆದರೆ ಅದು ಕಾಲೇಜಿನ ಪತ್ರಿಕೆ, ಹುಡುಗರೇ ನಡೆಸಿದ್ದಲ್ಲ. ಆ ಪದಕ್ಕೆ ಅರ್ಥವೇ ಕಾಲೇಜು, ಹಾಗಾಗಿ ಬೇರೆ ಕಾಲೇಜುಗಳ ಪತ್ರಿಕೆ ಹೆಸರಲ್ಲೂ ಅದು ಬರುತ್ತದೆ. ಎರಡನೆಯದು ಅಲ್-ಉರ್ವ ಅಲ್-ವುಸ್ಕಾ. ಮುಸ್ಲಿಂ ಸುಧಾರಕರಾದ ಜಮಾಲುದ್ದೀನ್ ಅಫ್ಗಾನಿ ಮತ್ತು ಮುಹಮ್ಮದ್ ಅಬ್ದುಹು 1884ರಲ್ಲಿ ಪ್ಯಾರಿಸ್‌ನಿಂದ ಹೊರಡಿಸಿದ ಪತ್ರಿಕೆಯ ಹೆಸರು ಅದು. ಅದೇ ಹೆಸರನ್ನು ಬೈರೂತಿನ ವಿದ್ಯಾರ್ಥಿಗಳ ಸಂಘವೊಂದು ಆಮೇಲೆ ಇಟ್ಟುಕೊಂಡಿತು, 1930ರ ದಶಕದಲ್ಲಿ ಅಲ್-ಉರ್ವ ಅಂತ ಪತ್ರಿಕೆಯನ್ನೂ ತಂದಿತು. ಕ್ಯಾಟಲಾಗ್‌ನಲ್ಲಿ ಹುಡುಕುವಾಗ ಊರು, ವರ್ಷ ಎರಡನ್ನೂ ನೋಡದೆ ಯಾವುದನ್ನೂ ತರಿಸಿಕೊಳ್ಳಬೇಡಿ.

ಹಂತ 3: ಆರ್ಕೈವ್‌ಗೆ ಪತ್ರ ಬರೆಯಿರಿ

ಇಂಗ್ಲಿಷಿನಲ್ಲಿ ಬರೆದರೆ ಸಾಕು. ಚಿಕ್ಕದಾಗಿ ಬರೆಯಿರಿ. ನೀವು ಯಾರು, ಯಾವ ವರ್ಷಗಳ ಯಾವ ಪತ್ರಿಕೆ ಬೇಕು, ಯಾತಕ್ಕೆ, ಸ್ಕ್ಯಾನ್ ಸಿಗುತ್ತದಾ, ಖರ್ಚೆಷ್ಟು, ಪ್ರಕಟಿಸಲು ಅನುಮತಿ ಹೇಗೆ. "ಹಳೇ ಅರಬ್ಬಿ ಪತ್ರಿಕೆ ಏನಿದ್ದರೂ ಕಳಿಸಿ" ಅಂತ ಬರೆದರೆ ಯಾರಿಗೂ ಉತ್ತರ ಕೊಡೋಕೆ ಆಗಲ್ಲ. ಮೊದಲ ಸಲ ಒಂದೇ ಸಂಚಿಕೆ ಕೇಳಿ. ಬಣ್ಣದ ಸ್ಕ್ಯಾನ್ ಕೇಳಿ, ಕಪ್ಪು ಬಿಳುಪು ಬೇಡ. ಕಾರಣ ಮುಂದಿನ ಹಂತದಲ್ಲಿದೆ.

ಹಂತ 4: ಓದುವ ಮುಂಚೆ ನೋಡಿ

ಅರಬ್ಬಿ ಪುಸ್ತಕದ ಬೆನ್ನು ಬಲಗಡೆ ಇರುತ್ತದೆ. ಸ್ಕ್ಯಾನ್ ಮಾಡಿದವರು ಎಡದಿಂದ ಶುರು ಮಾಡಿದ್ದರೆ ನಿಮ್ಮ ಫೈಲಿನ ಮೊದಲ ಪುಟ ನಿಜವಾಗಿ ಕೊನೇ ಪುಟ. ಮೊದಲು ಪುಟಗಳನ್ನು ಸರಿಯಾದ ಕ್ರಮಕ್ಕೆ ತನ್ನಿ, ಪುಟಸಂಖ್ಯೆ ತಾಳೆ ನೋಡಿ.

ಆಮೇಲೆ ಶಾಯಿ ನೋಡಿ. ಕಂದು ಬಣ್ಣಕ್ಕೆ ತಿರುಗಿ, ಅಕ್ಷರದ ಸುತ್ತ ಕಾಗದವೇ ಸುಟ್ಟ ಹಾಗೆ ಕಾಣುತ್ತಿದ್ದರೆ ಅದು ಕಬ್ಬಿಣದ ಅಂಶವಿರುವ ಹಳೇ ಶಾಯಿ. ತಿಳಿ ನೇರಳೆ ಬಣ್ಣ ಇದ್ದರೆ ಅನುಮಾನ ಪಡಿ. ಆ ಕಾಲದಲ್ಲಿ ಜೆಲಾಟಿನ್ ತಟ್ಟೆಯ ಮೇಲೆ ಕೈಬರಹವನ್ನು ಒತ್ತಿ ಹತ್ತಾರು ಪ್ರತಿ ತೆಗೆಯುವ ವಿಧಾನ ಚಾಲ್ತಿಯಲ್ಲಿತ್ತು, ಅದರ ಶಾಯಿ ಸಾಮಾನ್ಯವಾಗಿ ನೇರಳೆ. ಅಂದರೆ ನಿಮ್ಮ ಕೈಲಿರೋದು ಒಂದೇ ಪ್ರತಿ ಇದ್ದ ಪತ್ರಿಕೆನಾ, ಹಂಚಿದ ಪತ್ರಿಕೆನಾ ಅನ್ನೋದು ಬಣ್ಣದಿಂದಲೇ ಅಂದಾಜಾಗುತ್ತದೆ. ಕಪ್ಪು ಬಿಳುಪು ಸ್ಕ್ಯಾನಿನಲ್ಲಿ ಇದೆಲ್ಲ ಮಾಯ.

ಎಷ್ಟು ಕೈಗಳು ಬರೆದಿವೆ? ಇಡೀ ಸಂಚಿಕೆ ಒಂದೇ ಕೈಬರಹದಲ್ಲಿದ್ದರೆ ಅಂದವಾಗಿ ಬರೆಯುವ ಒಬ್ಬ ಹುಡುಗನಿಗೆ ನಕಲು ಮಾಡುವ ಕೆಲಸ ಕೊಟ್ಟಿದ್ದರು ಅನ್ನಬಹುದು. ಲೇಖನಕ್ಕೊಂದು ಕೈಬರಹ ಇದ್ದರೆ ಬರೆದವರೇ ಹಾಳೆ ತುಂಬಿಸಿ ಕೊಟ್ಟಿದ್ದಾರೆ. ಸಂಪಾದಕರು ಲೇಖನ ತಿದ್ದುತ್ತಿದ್ದರಾ ಇಲ್ಲವಾ ಅನ್ನೋದಕ್ಕೂ ಇದೇ ಸುಳಿವು. ಅಂಚಿನಲ್ಲಿ ಬೇರೆ ಪೆನ್ಸಿಲ್ ಗುರುತು ಇದೆಯಾ? ಅದನ್ನೂ ಬರೆದಿಟ್ಟುಕೊಳ್ಳಿ. ಮೇಷ್ಟ್ರು ತಿದ್ದಿದ್ದಿರಬಹುದು, ಓದುಗ ಉತ್ತರ ಕೊಟ್ಟಿದ್ದಿರಬಹುದು.

ಹಂತ 5: ತಲೆಬರಹ ಬಿಡಿಸಿಕೊಳ್ಳಿ

ಮಜಲ್ಲ ಅಂದರೆ ನಿಯತಕಾಲಿಕೆ, ಜರೀದ ಅಂದರೆ ವೃತ್ತಪತ್ರಿಕೆ. ಸನ ಅಂದರೆ ವರ್ಷ, ನಮ್ಮ "ಸಂಪುಟ" ಇದ್ದ ಹಾಗೆ. ಅದದ್ ಅಂದರೆ ಸಂಚಿಕೆ, ಕೆಲವು ಕಡೆ ಅದಕ್ಕೇ ಜುಝ್ ಅಂತಲೂ ಇರುತ್ತದೆ. ಮುಹರ್ರಿರ್ ಸಂಪಾದಕ, ಮುದೀರ್ ವ್ಯವಸ್ಥಾಪಕ. ಅಚ್ಚಿನ ಪತ್ರಿಕೆಯಲ್ಲಿ ಸಾಹಿಬುಲ್ ಇಮ್ತಿಯಾಝ್ ಅಂತ ಕಂಡರೆ ಅದು ಸರ್ಕಾರದ ಪರವಾನಗಿ ಇದ್ದವನ ಹೆಸರು. ಕೆಲಸ ಮಾಡೋನು ಬೇರೆ, ಪರವಾನಗಿ ಇರೋನು ಬೇರೆ ಆಗಿರಬಹುದು. ಬಿಕಲಮ್ ಅಂತ ಇದ್ದರೆ ಮುಂದೆ ಬರೋದು ಲೇಖಕನ ಹೆಸರು. ಲೇಖನದ ಕೊನೆಗೆ ಲಹು ಬಕಿಯ್ಯ ಅಂದರೆ "ಮುಂದುವರಿಯುವುದು". ಇದನ್ನು ತಪ್ಪದೆ ಗುರುತು ಹಾಕಿ. ಮುಂದಿನ ಕಂತು ಸಿಗದಿದ್ದರೆ ಒಂದು ಸಂಚಿಕೆ ಕಳೆದಿದೆ ಅಂತಲೋ ಪತ್ರಿಕೆ ಅಲ್ಲಿಗೇ ನಿಂತಿತು ಅಂತಲೋ ಅರ್ಥ.

ಹಂತ 6: ತಾರೀಖು. ಇಲ್ಲಿ ಆತುರ ಬೇಡ

ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ. ಬೈರೂತಿನಲ್ಲಿ ಆಗ ಒಂದೇ ದಿನಕ್ಕೆ ನಾಲ್ಕು ತಾರೀಖು ಓಡಾಡುತ್ತಿದ್ದವು. ಮುಸ್ಲಿಮರ ಚಾಂದ್ರಮಾನದ ಹಿಜರಿ ಒಂದು. ಸರ್ಕಾರಿ ಕೆಲಸದ ರೂಮಿ ಪಂಚಾಂಗ ಇನ್ನೊಂದು. ಪಶ್ಚಿಮದ ಗ್ರೆಗೋರಿಯನ್ ಮೂರನೆಯದು. ಆರ್ಥೊಡಾಕ್ಸ್ ಕ್ರೈಸ್ತರ ಜೂಲಿಯನ್ ನಾಲ್ಕನೆಯದು. ಷರ್ಕಿ ಅಂದರೆ ಪೂರ್ವದ ತಾರೀಖು, ಜೂಲಿಯನ್. ಗರ್ಬಿ ಅಂದರೆ ಪಶ್ಚಿಮದ್ದು. 19ನೇ ಶತಮಾನದಲ್ಲಿ ಇವೆರಡರ ನಡುವೆ 12 ದಿನದ ಅಂತರ, 1900ರ ಮಾರ್ಚ್‌ನಿಂದ 13.

ತಿಂಗಳ ಹೆಸರುಗಳು ಸಿರಿಯಾ ಕಡೆಯವು, ಈಜಿಪ್ಟಿನ ಯನಾಯಿರ್, ಫಬ್ರಾಯಿರ್ ಅಲ್ಲ. ಜನವರಿಯಿಂದ ಶುರು ಮಾಡಿದರೆ: ಕಾನೂನ್ ಸಾನಿ, ಶುಬಾತ್, ಆದಾರ್, ನೀಸಾನ್, ಅಯ್ಯಾರ್, ಹಝೀರಾನ್, ತಮ್ಮೂಝ್, ಆಬ್, ಐಲೂಲ್, ತಿಶ್ರೀನ್ ಅವ್ವಲ್, ತಿಶ್ರೀನ್ ಸಾನಿ, ಕಾನೂನ್ ಅವ್ವಲ್. ಕಾನೂನ್ ಎರಡು, ತಿಶ್ರೀನ್ ಎರಡು. ಅವ್ವಲ್ ಅಂದರೆ ಮೊದಲನೆಯದು, ಸಾನಿ ಅಂದರೆ ಎರಡನೆಯದು. ಕಾನೂನ್ ಅವ್ವಲ್ ಡಿಸೆಂಬರ್, ಕಾನೂನ್ ಸಾನಿ ಜನವರಿ. ಇವೆರಡನ್ನು ಅದಲು ಬದಲು ಮಾಡಿದರೆ ಸಂಚಿಕೆಯೇ ಒಂದು ವರ್ಷ ಹಿಂದೆ ಮುಂದೆ ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 31 ಆದಾರ್ 1325 ಅಂತ ಇದೆ, ರೂಮಿ ಅಂತ ಗೊತ್ತಾಗಿದೆ ಅಂತಿಟ್ಟುಕೊಳ್ಳಿ. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ರೂಮಿ ವರ್ಷಕ್ಕೆ 584 ಕೂಡಿಸಬೇಕು, 1909 ಬರುತ್ತದೆ. ಮಾರ್ಚ್ 31ಕ್ಕೆ 13 ದಿನ ಸೇರಿಸಿ, ಏಪ್ರಿಲ್ 13. ಇಸ್ತಾಂಬುಲ್‌ನ ಸೈನಿಕರ ದಂಗೆಯನ್ನು ಇತಿಹಾಸದಲ್ಲಿ "ಮಾರ್ಚ್ 31ರ ಘಟನೆ" ಅನ್ನುತ್ತಾರೆ, ಅದು ನಡೆದದ್ದು 1909ರ ಏಪ್ರಿಲ್ 13ರಂದು. ನಿಮ್ಮ ಲೆಕ್ಕ ಸರಿಯಿದೆಯಾ ಅಂತ ನೋಡಲು ಈ ಒಂದು ದಿನ ನೆನಪಿಟ್ಟುಕೊಂಡರೆ ಸಾಕು. ರೂಮಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 1ಕ್ಕೆ, ಆದ್ದರಿಂದ ಜನವರಿ, ಫೆಬ್ರವರಿಗೆ 585 ಕೂಡಿಸಬೇಕು. 1917ರಲ್ಲಿ ಸರ್ಕಾರ ಆ 13 ದಿನದ ಅಂತರವನ್ನು ತೆಗೆದುಹಾಕಿತು.

ಹಿಜರಿಗೆ ಅಂದಾಜು ಲೆಕ್ಕ: ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. 1320ಕ್ಕೆ 1902 ಬರುತ್ತದೆ. ದಿನ ನಿಖರವಾಗಿ ಬೇಕಾದರೆ ಪರಿವರ್ತನೆ ಕೋಷ್ಟಕ ನೋಡಿ. ವಾರದ ಹೆಸರು ಬರೆದಿದ್ದರೆ ಅದನ್ನೂ ತಾಳೆ ಹಾಕಿ.

ಇನ್ನು ಅಂಕಿ. ಅರಬ್ಬಿಯ 5 ನೋಡೋಕೆ ನಮ್ಮ ಕನ್ನಡದ ಸೊನ್ನೆಯೇ. ಅವರ ಸೊನ್ನೆ ಬರೀ ಒಂದು ಚುಕ್ಕೆ. 1905 ಅಂತ ಬರೆದಿದ್ದರೆ ಕೊನೆಗೆ ಒಂದು ಚುಕ್ಕೆ, ಒಂದು ಗುಂಡು ಕಾಣುತ್ತದೆ. 1900 ಆದರೆ ಬರೀ ಎರಡು ಚುಕ್ಕೆ, ಶಾಯಿ ಮಾಸಿದ್ದರೆ ಅವೂ ಇಲ್ಲ. ಕೈಬರಹದಲ್ಲಿ 2 ಮತ್ತು 3 ಇನ್ನೂ ಕಷ್ಟ. ಎಷ್ಟೋ ಜನ 3 ಬರೆದರೆ ಅದು ಅಚ್ಚಿನ 2ರ ಹಾಗೆ ಕಾಣುತ್ತದೆ. ಅದೇ ಕೈ ಬರೆದ ಪುಟಸಂಖ್ಯೆಗಳನ್ನು ಹುಡುಕಿ, 22, 23, 32 ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆ ಹುಡುಗ 2 ಹೇಗೆ ಬರೆಯುತ್ತಿದ್ದ, 3 ಹೇಗೆ ಬರೆಯುತ್ತಿದ್ದ ಅನ್ನೋದು ಅಲ್ಲೇ ಇತ್ಯರ್ಥ. ಒಂದು ಮಾತು, ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ನಮ್ಮ ಹಾಗೇ ಎಡದಿಂದ ಬಲಕ್ಕೆ ಓದಬೇಕು.

ಹಂತ 7: ಕೈಬರಹಕ್ಕೆ ಕಣ್ಣು ಪಳಗಿಸಿ

ಮದ್ರಸದಲ್ಲಿ ಕಲಿತವರಿಗೆ ಪರಿಚಯ ಇರೋದು ನಸ್ಖ್, ಉರ್ದು ಓದುವವರಿಗೆ ನಸ್ತಾಲೀಕ್. ಒಟ್ಟೋಮನ್ ಕಾಲದ ದಿನಬಳಕೆಯ ಕೈಬರಹ ರುಕ್‌ಆ. ಬೇಗ ಬರೆಯೋಕೆ ಅಂತಲೇ ಬೆಳೆದ ಬರಹ ಅದು. ಎರಡು ಚುಕ್ಕೆ ಸೇರಿ ಒಂದು ಚಿಕ್ಕ ಗೀಟಾಗುತ್ತದೆ. ಮೂರು ಚುಕ್ಕೆ ಒಂದು ಟೋಪಿ ಗುರುತಾಗುತ್ತದೆ. ಸೀನ್ ಅಕ್ಷರದ ಹಲ್ಲುಗಳು ಮಾಯವಾಗಿ ನೇರ ಗೆರೆ ಉಳಿಯುತ್ತದೆ. ಸ್ವರಚಿಹ್ನೆ ಇರುವುದೇ ಇಲ್ಲ. ಕುರ್‌ಆನ್ ಮುದ್ರಣದಲ್ಲಿ ಪ್ರತಿ ಅಕ್ಷರಕ್ಕೂ ಝಬರ್, ಝೇರ್, ಪೇಶ್ ನೋಡಿ ರೂಢಿ ಆದವರಿಗೆ ಮೊದಲ ವಾರ ಕಷ್ಟ ಅನಿಸುತ್ತದೆ, ಎದೆಗುಂದಬೇಡಿ.

ನಾನು ಹೇಳೋ ಉಪಾಯ ಇದು. ಶೀರ್ಷಿಕೆಗಳಿಂದ ಶುರು ಮಾಡಿ, ಅವನ್ನು ದಪ್ಪಗೆ, ನಿಧಾನವಾಗಿ ಬರೆದಿರುತ್ತಾರೆ. ಆಮೇಲೆ ನಿಮಗೆ ಈಗಾಗಲೇ ಗೊತ್ತಿರುವ ಪದಗಳನ್ನು ಪುಟದಲ್ಲಿ ಹುಡುಕಿ: ಬೈರೂತ್, ಮದ್ರಸ, ಕುಲ್ಲಿಯ್ಯ, ತಿಂಗಳ ಹೆಸರುಗಳು. ಆ ಪದಗಳಲ್ಲಿ ಆ ಕೈ ಒಂದೊಂದು ಅಕ್ಷರವನ್ನು ಹೇಗೆ ಬರೆದಿದೆ ಅಂತ ಒಂದು ಹಾಳೆಯಲ್ಲಿ ನಕಲು ಮಾಡಿ ಗೋಡೆಗೆ ಅಂಟಿಸಿಕೊಳ್ಳಿ. ಕೈಬರಹ ಬದಲಾದಾಗ ಹೊಸ ಹಾಳೆ. ನಿಘಂಟಿಗೆ ಹಾನ್ಸ್ ವೆಹ್ರ್ ಸಾಕು, ಅದರಲ್ಲಿ ಪದಗಳನ್ನು ಮೂಲ ಧಾತುವಿನಿಂದ ಹುಡುಕಬೇಕು. ಆ ಕಾಲದ ಬೈರೂತಿನ ಬಳಕೆಗೆ ಬುತ್ರುಸ್ ಅಲ್-ಬುಸ್ತಾನಿಯವರ ಅರಬ್ಬಿ ನಿಘಂಟು ಮುಹೀತುಲ್ ಮುಹೀತ್ ಒಳ್ಳೆಯದು, ಆ ಹುಡುಗರ ಕಾಲಕ್ಕೂ ಊರಿಗೂ ಹತ್ತಿರದ ಪುಸ್ತಕ.

ಕಂಪ್ಯೂಟರ್ ಓದಿಕೊಡಲ್ವಾ ಅಂತ ಕೇಳಬಹುದು. ಅಚ್ಚಿನ ಅರಬ್ಬಿಗೆ ಟೆಸರಾಕ್ಟ್ ಅನ್ನೋ ಸಾಫ್ಟ್‌ವೇರ್ ತಕ್ಕಮಟ್ಟಿಗೆ ನಡೆಯುತ್ತದೆ. ಕೈಬರಹಕ್ಕೆ ಟ್ರಾನ್ಸ್‌ಕ್ರಿಬಸ್, ಇ-ಸ್ಕ್ರಿಪ್ಟೋರಿಯಂ ಇವೆ, ಆದರೆ ಅವಕ್ಕೆ ಮೊದಲು ನೀವೇ ಓದಿ ಟೈಪ್ ಮಾಡಿದ ಪುಟಗಳನ್ನು ಕೊಟ್ಟು ಕಲಿಸಬೇಕು. ನಾಲ್ಕೈದು ಚಿಕ್ಕ ಸಂಚಿಕೆಗೆ ಆ ಶ್ರಮ ದಂಡ, ಕಣ್ಣಿನಲ್ಲೇ ಓದಿ.

ಹಂತ 8: ಹುಡುಗರನ್ನು ಗುರುತಿಸಿ

ಪೂರ್ತಿ ಹೆಸರು ಎಲ್ಲರೂ ಹಾಕಲ್ಲ. ಎರಡೇ ಅಕ್ಷರ, ಗುಪ್ತನಾಮ, "ಮೆಡಿಕಲ್ ವಿದ್ಯಾರ್ಥಿ" ಅಂತ ಮಾತ್ರ ಇರುತ್ತದೆ. ಕಾಲೇಜು ವರ್ಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಕ್ಯಾಟಲಾಗ್ ಅಚ್ಚು ಹಾಕಿಸುತ್ತಿತ್ತು, ಅದರಲ್ಲಿನ ವಿದ್ಯಾರ್ಥಿಗಳ ಪಟ್ಟಿಯ ಜೊತೆ ತಾಳೆ ನೋಡಿ. ಕಾಗುಣಿತ ಹೊಂದಲ್ಲ ಅನ್ನೋದು ನೆನಪಿರಲಿ, ಒಬ್ಬನೇ ಹುಡುಗ ಎರಡು ಪಟ್ಟಿಯಲ್ಲಿ ಎರಡು ಥರ ಇರುತ್ತಾನೆ. ಮುಂದೆ ಪ್ರಿನ್ಸ್‌ಟನ್‌ನಲ್ಲಿ ಅರಬ್ ಇತಿಹಾಸಕಾರರಾಗಿ ಹೆಸರಾದ ಫಿಲಿಪ್ ಹಿಟ್ಟಿ 1908ರಲ್ಲಿ ಇಲ್ಲಿಂದಲೇ ಪದವಿ ಪಡೆದವರು. ಆದರೆ ದೊಡ್ಡವರಾದವರ ಹೆಸರು ಹುಡುಕೋದೇ ಗುರಿ ಮಾಡಿಕೊಳ್ಳಬೇಡಿ. ಒಂದೇ ಒಂದು ಕವಿತೆ ಬರೆದು ಊರಿಗೆ ಹೋಗಿ ಔಷಧಿ ಅಂಗಡಿ ಇಟ್ಟ ಹುಡುಗನೂ ಈ ಕತೆಯಲ್ಲಿ ಅಷ್ಟೇ ಮುಖ್ಯ. ಎರಡು ಅಕ್ಷರದ ಆಧಾರದ ಮೇಲೆ ಇಂಥವನೇ ಅಂತ ಬರೆದುಬಿಡಬೇಡಿ, "ಇರಬಹುದು" ಅನ್ನೋ ಅಂಕಣ ಒಂದು ಇರಲಿ.

ಹೆಣ್ಣುಮಕ್ಕಳ ಬಗ್ಗೆ ಲೇಖನ ಸಿಕ್ಕರೆ ಅದನ್ನು ಬರೆದಿದ್ದು ಬಹುಮಟ್ಟಿಗೆ ಗಂಡುಹುಡುಗರೇ. ನರ್ಸಿಂಗ್ ಶಾಲೆ ಬಿಟ್ಟರೆ ಹೆಣ್ಣುಮಕ್ಕಳು ಈ ಕಾಲೇಜಿನ ತರಗತಿಗೆ ಬಂದಿದ್ದು 1920ರ ದಶಕದಲ್ಲಿ.

ಹಂತ 9: ಮುಖ್ಯ ಲೇಖನ ಕೊನೆಗೆ ಓದಿ

ನನ್ನ ಗಟ್ಟಿ ಅಭಿಪ್ರಾಯ ಇದು. ಮೊದಲ ಪುಟದ "ದೇಶಪ್ರೇಮ", "ವಿದ್ಯೆಯ ಮಹತ್ವ" ಥರದ ಲೇಖನಗಳಲ್ಲಿ ಮೇಷ್ಟ್ರುಗಳು ಮೆಚ್ಚುವ ಮಾತೇ ಜಾಸ್ತಿ. ಜೀವ ಇರೋದು ಹಿಂದಿನ ಪುಟಗಳಲ್ಲಿ. ಸಂಘದ ಸಭೆ ಸುದ್ದಿ, ಚರ್ಚಾಸ್ಪರ್ಧೆಯ ವಿಷಯ, ಒಗಟು, ನಗೆಹನಿ, ಆಟದ ವರದಿ, ಚಂದಾ ಬಾಕಿ ಉಳಿಸಿಕೊಂಡವರಿಗೆ ನೆನಪೋಲೆ, ಲೇಖನ ಕೊಡದವರ ಮೇಲೆ ಸಂಪಾದಕನ ಮುನಿಸು. ಇಂಥದ್ದು ಎಲ್ಲ ಸಂಚಿಕೆಯಲ್ಲೂ ಇರಲ್ಲ, ಇದ್ದರೆ ಅಲ್ಲೇ ಕೂತುಬಿಡಿ.

ಓದುವಾಗ ಒಂದು ಪ್ರಶ್ನೆ ಕೈಬಿಡಬೇಡಿ: ಇದನ್ನು ಅರಬ್ಬಿಯಲ್ಲಿ ಬರೆಯೋಕೆ ಕಾರಣ ಏನು? ಇಂಗ್ಲಿಷ್ ಪತ್ರಿಕೆಗಳೂ ಅದೇ ಕಾಲೇಜಿನಲ್ಲಿದ್ದವು. ಅದೇ ವರ್ಷದ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಯಾವ ವಿಷಯ ಯಾವ ಭಾಷೆಗೆ ಹೋಗಿದೆ ಅಂತ ಎರಡು ಅಂಕಣ ಮಾಡಿ. ವಿಜ್ಞಾನದ ಪಾಠವನ್ನು ಇಂಗ್ಲಿಷಿನಲ್ಲಿ ಕೇಳಿ ಅರಬ್ಬಿಯಲ್ಲಿ ವಿವರಿಸಿದ್ದಾರಾ? ಪದಗಳನ್ನು ಅಲ್-ಮುಕ್ತತಫ್‌ನಿಂದ ತಗೊಂಡಿದ್ದಾರಾ? ಆ ಪತ್ರಿಕೆಯ ಸಂಪುಟಗಳು ಆನ್‌ಲೈನಲ್ಲಿ ಸಿಗುತ್ತವೆ, ತಾಳೆ ನೋಡಬಹುದು. 1908ರ ಜುಲೈ ಹಿಂದಿನ ಸಂಚಿಕೆ ಒಂದು, ಮುಂದಿನದ್ದು ಒಂದು ಸಿಕ್ಕರೆ ಎರಡರಲ್ಲೂ ಸುಲ್ತಾನನ ಬಗ್ಗೆ, ಸ್ವಾತಂತ್ರ್ಯದ ಬಗ್ಗೆ ಮಾತು ಹೇಗಿದೆ ನೋಡಿ. ಚಾಪೆಲ್ ಗಲಾಟೆಯ ತಿಂಗಳುಗಳಲ್ಲಿ ಒಂದು ಸಾಲೂ ಅದರ ಬಗ್ಗೆ ಇಲ್ಲದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಹಂತ 10: ಪಟ್ಟಿ ಮಾಡಿ, ವಾಪಸ್ ಕೊಡಿ

ಸುಮ್ನೆ ಟಿಪ್ಪಣಿ ಬರೆದರೆ ಆರು ತಿಂಗಳಲ್ಲಿ ನಿಮಗೇ ಅರ್ಥ ಆಗಲ್ಲ. ಒಂದು ಸ್ಪ್ರೆಡ್‌ಶೀಟ್ ಮಾಡಿ. ಪತ್ರಿಕೆ ಹೆಸರು ಅರಬ್ಬಿ ಲಿಪಿಯಲ್ಲಿ, ಪಕ್ಕದಲ್ಲಿ ಕನ್ನಡದಲ್ಲಿ, ಸನ, ಅದದ್, ಪುಟದಲ್ಲಿ ಇದ್ದ ಹಾಗೇ ತಾರೀಖು, ನೀವು ಲೆಕ್ಕ ಹಾಕಿದ ತಾರೀಖು, ಪುಟ, ಶೀರ್ಷಿಕೆ, ಲೇಖಕ, ಯಾವ ಕೈಬರಹ, ಆರ್ಕೈವ್‌ನ ಪೆಟ್ಟಿಗೆ ಸಂಖ್ಯೆ. ಮೂಲ ತಾರೀಖನ್ನು ಯಾವತ್ತೂ ಅಳಿಸಬೇಡಿ, ಲೆಕ್ಕ ತಪ್ಪಿದ್ದರೆ ಇನ್ನೊಬ್ಬರು ತಿದ್ದಬೇಕಲ್ಲ.

ಖುದ್ದಾಗಿ ಹೋಗಿ ಫೋಟೋ ತೆಗೆಯೋದಾದರೆ ಫ್ಲ್ಯಾಶ್ ಬೇಡ, ನೇರಳೆ ಶಾಯಿಗೆ ಬೆಳಕೇ ಶತ್ರು. ಪುಟ ಪೂರ್ತಿ ಒಂದು ಫೋಟೋ, ತಾರೀಖಿನ ಸಾಲು ಹತ್ತಿರದಿಂದ ಇನ್ನೊಂದು. ಕಾಗದ ಮುರಿಯೋ ಹಾಗಿದ್ದರೆ ಪೂರ್ತಿ ಅಗಲಿಸಬೇಡಿ, ಸಿಬ್ಬಂದಿಯನ್ನು ಕರೆಯಿರಿ.

ಲೆಬನಾನ್ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೆ 50 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1905ರಲ್ಲಿ 18 ವರ್ಷದವನಾಗಿದ್ದವನು 1980ರವರೆಗೆ ಬದುಕಿದ್ದಿರಬಹುದು, ಆದ್ದರಿಂದ ಹಳೆಯದು ಅಂದ ಮಾತ್ರಕ್ಕೆ ಪೂರ್ತಿ ಪುಟಗಳನ್ನು ಹಾಕಬೇಡಿ, ಆರ್ಕೈವ್‌ನವರನ್ನು ಕೇಳಿ. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಅವರಿಗೂ ಕಳಿಸಿ. ಕನ್ನಡದಲ್ಲಿ ಬರೆಯುವಾಗ ಒಂದು ಇಡೀ ಸಂಚಿಕೆಯ ವಿವರ ಕೊಡಿ, ಒಗಟು, ಚಂದಾ ಬಾಕಿ ಸಮೇತ.